ತೀರ್ಪು ಬಂದ ಮೇಲೆ ಫೋನು ಎತ್ತುವವರು ಯಾರು?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟಿತು. ಒಪ್ಪಿ ಕೂಡುವ ಇಬ್ಬರು ವಯಸ್ಕರು ಒಂದೇ ಲಿಂಗದವರು ಎಂಬ ಮಾತ್ರಕ್ಕೆ ಅಪರಾಧಿಗಳಾಗುವುದಿಲ್ಲ ಎಂದು ಹೇಳಿತು. ಅಂದಿನಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಕಾನೂನು ಬದಲಾಯಿತಲ್ಲ, ಲೈಂಗಿಕ ಅಲ್ಪಸಂಖ್ಯಾತರ ಈ ಸಂಘಟನೆಗಳಿಗೆ ಇನ್ನೂ ಏನು ಕೆಲಸ? ಹೀಗೆ ಕೇಳುವವರೆಲ್ಲ ದ್ವೇಷದಿಂದ ಕೇಳುವುದಿಲ್ಲ. ಬಹಳ ಮಂದಿಗೆ ನಿಜಕ್ಕೂ ಗೊತ್ತಿಲ್ಲ. ಆ ಸಂಘಟನೆಗಳ ಕೆಲಸ ಕಣ್ಣಿಗೆ ಬೀಳುವುದು ವರ್ಷಕ್ಕೊಮ್ಮೆ ಬಣ್ಣದ ಬಾವುಟ ಹಿಡಿದು ಬೀದಿಯಲ್ಲಿ ನಡೆದಾಗ ಮಾತ್ರ. ಉಳಿದ ದಿನಗಳ ಕೆಲಸ ನಡೆಯುವುದು ಫೋನಿನಲ್ಲಿ, ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಆಸ್ಪತ್ರೆಯ ಕಾರಿಡಾರಿನಲ್ಲಿ.

ಮೊದಲು, ತೀರ್ಪು ಏನು ಮಾಡಿತು, ಏನು ಮಾಡಲಿಲ್ಲ ಎನ್ನುವುದನ್ನು ನೋಡೋಣ. 1860ರಲ್ಲಿ ಬ್ರಿಟಿಷರು ಬರೆದಿಟ್ಟ ಕಲಮೊಂದರ ಭಯವನ್ನು ಅದು ತೆಗೆಯಿತು. ಅಷ್ಟೇ. ಅಪರಾಧಿ ಅಲ್ಲ ಎಂದ ಮಾತ್ರಕ್ಕೆ ಬಾಡಿಗೆಗೆ ಮನೆ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ, ಅಪ್ಪ ಅಮ್ಮ ಮಾತಾಡಿಸುವುದಿಲ್ಲ. ಐದು ವರ್ಷದ ಬಳಿಕ, 2023ರ ಅಕ್ಟೋಬರ್ 17ರಂದು, ಅದೇ ನ್ಯಾಯಾಲಯ ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಸಲಿಂಗಿ ಜೋಡಿಗಳಿಗೆ ಮದುವೆಯ ಮಾನ್ಯತೆ ಕೊಡುವುದು ಶಾಸಕಾಂಗಕ್ಕೆ ಬಿಟ್ಟ ವಿಷಯ ಎಂದಿತು. ಹಾಗಾಗಿ ಇಪ್ಪತ್ತು ವರ್ಷ ಜೊತೆಗೆ ಬಾಳಿದ ಇಬ್ಬರಲ್ಲಿ ಒಬ್ಬರು ತುರ್ತು ಚಿಕಿತ್ಸಾ ಘಟಕದಲ್ಲಿ ಮಲಗಿದ್ದರೆ, ಇನ್ನೊಬ್ಬರು ಕಾನೂನಿನ ಕಣ್ಣಿಗೆ ಸಂಬಂಧಿಕರಲ್ಲ.

ಎಲ್‌ಜಿಬಿಟಿಕ್ಯೂ ಎಂಬ ಅಕ್ಷರಗಳ ಸಾಲಿಗೆ ಹೆದರುವ ಓದುಗರಿಗೆ ಒಂದು ಮಾತು. ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಯಾರ ಮೇಲೆ ಮನಸ್ಸಾಗುತ್ತದೆ ಎನ್ನುವುದು ಒಂದು. ಹೆಣ್ಣಿಗೆ ಹೆಣ್ಣಿನ ಮೇಲೆ, ಗಂಡಿಗೆ ಗಂಡಿನ ಮೇಲೆ, ಕೆಲವರಿಗೆ ಇಬ್ಬರ ಮೇಲೂ. ತಾನು ಯಾರು ಎಂಬ ಅರಿವು ಇನ್ನೊಂದು. ಗಂಡೆಂದು ಬೆಳೆಸಿದ ಮಗು ತಾನು ಹೆಣ್ಣೆಂದು, ಹೆಣ್ಣೆಂದು ಬೆಳೆಸಿದ ಮಗು ತಾನು ಗಂಡೆಂದು, ಅಥವಾ ಎರಡೂ ಅಲ್ಲವೆಂದು ಒಳಗಿನಿಂದ ಅರಿಯುವುದು. ನಮ್ಮಲ್ಲಿ ಮಂಗಳಮುಖಿಯರೆಂದೂ, ಸವದತ್ತಿಯ ಕಡೆ ಜೋಗತಿಯರು, ಜೋಗಪ್ಪಗಳೆಂದೂ ಕರೆಯುವವರು ಈ ಎರಡನೆಯ ಗುಂಪಿಗೆ ಸೇರುತ್ತಾರೆ. ಎರಡೂ ಗುಂಪಿನವರು ಒಂದೇ ಸೂರಿನಡಿ ಸೇರಿದ್ದಕ್ಕೆ ಕಾರಣ ಅವರ ಕಷ್ಟ ಒಂದೇ ದಿಕ್ಕಿನಿಂದ ಬರುತ್ತದೆ ಎನ್ನುವುದು. ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು, ಇಂಥ ವಯಸ್ಸಿಗೆ ಇಂಥವರನ್ನು ಮದುವೆಯಾಗಬೇಕು ಎಂಬ ಕಟ್ಟಳೆ ಇಬ್ಬರನ್ನೂ ಹೊಡೆಯುತ್ತದೆ.

ಬೆಂಗಳೂರಿನ ಕಥೆಯನ್ನೇ ತೆಗೆದುಕೊಳ್ಳೋಣ. ದೇಶದಲ್ಲಿ ಈ ಬಗೆಯ ಕೆಲಸ ಬೇಗ ಬೇರೂರಿದ ಊರುಗಳಲ್ಲಿ ಇದೂ ಒಂದು. 1994ರಲ್ಲಿ ಇಲ್ಲಿ ‘ಗುಡ್ ಆಸ್ ಯೂ’ ಎಂಬ ಪುಟ್ಟ ಗುಂಪು ಹುಟ್ಟಿತು. ಗುರುವಾರಗಳಂದು ಕೆಲವರು ಒಂದೆಡೆ ಕೂತು ಮಾತಾಡುವುದು, ಅಷ್ಟೇ ಅದರ ಕಾರ್ಯಕ್ರಮ. ಮೊಬೈಲು, ಇಂಟರ್‌ನೆಟ್ಟು ಇಲ್ಲದ ಆ ಕಾಲದಲ್ಲಿ, ತನ್ನಂಥವರು ಇನ್ನೊಬ್ಬರಿದ್ದಾರೆ ಎಂಬುದೇ ದೊಡ್ಡ ಸುದ್ದಿ. 1999ರಲ್ಲಿ ‘ಸಂಗಮ’ ಬಂತು. ಮೊದಲು ಪುಸ್ತಕ, ಪತ್ರಿಕೆ, ವರದಿಗಳನ್ನು ಸಂಗ್ರಹಿಸುವ ಕೇಂದ್ರವಾಗಿದ್ದ ಅದು, ಇಂಗ್ಲಿಷ್ ಬಾರದ, ಬೀದಿಯಲ್ಲಿ ಬದುಕುವ ಕೋತಿಗಳು (ಹೆಣ್ಣುನಡಿಗೆಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು) ಮತ್ತು ಹಿಜ್ರಾಗಳು ಬಾಗಿಲು ತಟ್ಟಿದಾಗ ತನ್ನ ದಾರಿಯನ್ನೇ ಬದಲಿಸಿಕೊಂಡಿತು. ಅವರಿಗೆ ಬೇಕಿದ್ದದ್ದು ಪುಸ್ತಕವಲ್ಲ, ಠಾಣೆಗೆ ಜೊತೆಗೆ ಬರುವ ಮನುಷ್ಯ. ಅದೇ ಹೊತ್ತಿಗೆ ಆರಂಭವಾದ ‘ಸ್ವಭಾವ’ ಟ್ರಸ್ಟು ‘ಸಹಾಯ’ ಎಂಬ ದೂರವಾಣಿ ಸಮಾಲೋಚನೆ ನಡೆಸತೊಡಗಿತು.

ಸಮಾಲೋಚನೆ ಎಂದರೆ ಉಪದೇಶ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಇಲ್ಲಿ ಹಾಗಲ್ಲ. ಇಂಥ ಫೋನು ಎತ್ತುವವರಿಗೆ ಮೊದಲು ಕಲಿಸುವುದು ಸುಮ್ಮನಿರುವುದನ್ನು. ಕರೆ ಮಾಡಿದವರು ಮಾತಾಡದೆ ಇಟ್ಟುಬಿಡಬಹುದು, ಮರುದಿನ ಮತ್ತೆ ಮಾಡಬಹುದು. ಹೆಸರು ಕೇಳುವಂತಿಲ್ಲ, ಊರು ಕೇಳುವಂತಿಲ್ಲ. ನೀನು ಇಂಥವನು, ಇಂಥವಳು ಎಂದು ಹಣೆಪಟ್ಟಿ ಹಚ್ಚುವಂತಿಲ್ಲ. ಹದಿಹರೆಯದಲ್ಲಿ ಗೊಂದಲ ಸಹಜ, ಅದನ್ನು ಅವರೇ ತಮ್ಮ ವೇಗದಲ್ಲಿ ಬಿಡಿಸಿಕೊಳ್ಳಬೇಕು. ‘ಮನೆಯಲ್ಲಿ ಹೇಳಿಬಿಡು, ಧೈರ್ಯ ಮಾಡು’ ಎಂದು ಹುರಿದುಂಬಿಸುವುದೂ ತಪ್ಪು. ಹೇಳಿದ ರಾತ್ರಿಯೇ ಮನೆಯಿಂದ ಹೊರಗೆ ಹಾಕಿದರೆ ಎಲ್ಲಿ ಮಲಗುತ್ತಾರೆ, ಕೈಯಲ್ಲಿ ಎಷ್ಟು ದುಡ್ಡಿದೆ, ಓದು ಮುಗಿಯಲು ಎಷ್ಟು ವರ್ಷ ಉಳಿದಿದೆ, ನಂಬಬಹುದಾದ ಚಿಕ್ಕಮ್ಮನೋ ಅಣ್ಣನೋ ಇದ್ದಾರೆಯೇ ಎಂದು ಮೊದಲು ಲೆಕ್ಕ ಹಾಕಬೇಕು. ಎಷ್ಟೋ ಬಾರಿ ಒಳ್ಳೆಯ ಸಲಹೆ ಎಂದರೆ ‘ಸದ್ಯಕ್ಕೆ ಹೇಳಬೇಡ, ಪರೀಕ್ಷೆ ಮುಗಿಸು, ನಿನ್ನ ಕಾಲ ಮೇಲೆ ನಿಲ್ಲು, ಅಲ್ಲಿಯವರೆಗೆ ನಾವಿದ್ದೇವೆ’ ಎನ್ನುವುದು. ಮಕ್ಕಳ ತಲೆ ಕೆಡಿಸುತ್ತಾರೆ ಎಂದು ಈ ಸಂಸ್ಥೆಗಳನ್ನು ದೂರುವವರು ಇದನ್ನೊಮ್ಮೆ ಗಮನಿಸಬೇಕು.

ಫೋನಿನಲ್ಲಿ ಮುಗಿಯದ ಕೆಲಸ ಠಾಣೆಗೆ ಹೋಗುತ್ತದೆ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಬಗ್ಗೆ ಒಂದು ವರದಿ ತಂದಿತು, 2003ರಲ್ಲಿ ಬೆಂಗಳೂರಿನ ಕೋತಿ ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಬಗ್ಗೆ ಇನ್ನೊಂದು. ಹೊಡೆತ, ಸುಲಿಗೆ, ಲಾಕಪ್ಪಿನ ಅವಮಾನ, ಎಲ್ಲವೂ ಅನುಭವಿಸಿದವರ ಮಾತಿನಲ್ಲೇ ದಾಖಲಾದವು. 2008ರ ಅಕ್ಟೋಬರ್‌ನಲ್ಲಿ ಗಿರಿನಗರ ಪೊಲೀಸರು ಹಿಡಿದಿಟ್ಟ ಹಿಜ್ರಾಗಳ ಪರವಾಗಿ ಠಾಣೆಗೆ ಹೋದ ಸಂಗಮದ ಕಾರ್ಯಕರ್ತರನ್ನೇ ಬಂಧಿಸಲಾಯಿತು. ಆ ವರ್ಷದ ಜೂನ್ 29ರಂದಷ್ಟೇ ಬೆಂಗಳೂರಿನ ಮೊದಲ ಹೆಮ್ಮೆಯ ನಡಿಗೆ ನಡೆದಿತ್ತು.

ಈ ದಾಖಲೆಗಳ ಮಹತ್ವ ಕೋರ್ಟಿನಲ್ಲಿ ಕಾಣುತ್ತದೆ. 377ರ ವಿರುದ್ಧದ ಹೋರಾಟ ಯಾರದೋ ತತ್ವಚರ್ಚೆಯಿಂದ ಹುಟ್ಟಿದ್ದಲ್ಲ. 2001ರ ಜುಲೈಯಲ್ಲಿ ಲಖನೌದಲ್ಲಿ ಎಚ್‌ಐವಿ ತಡೆಯುವ ಕೆಲಸ ಮಾಡುತ್ತಿದ್ದ ಕಾರ್ಯಕರ್ತರನ್ನು ಪೊಲೀಸರು ಹಿಡಿದು ವಾರಗಟ್ಟಲೆ ಜೈಲಿನಲ್ಲಿಟ್ಟರು. ಕಾಂಡೋಮ್ ಹಂಚುವುದೇ ಅಪರಾಧಕ್ಕೆ ಕುಮ್ಮಕ್ಕು ಎಂಬಂತಾಯಿತು. ಅದೇ ವರ್ಷ ದೆಹಲಿಯ ನಾಜ್ ಫೌಂಡೇಶನ್ ಹೈಕೋರ್ಟು ಮೆಟ್ಟಿಲು ಹತ್ತಿತು. ಅದೂ ಎಚ್‌ಐವಿ ಪೀಡಿತರ ನಡುವೆ ಕೆಲಸ ಮಾಡುವ ಸಂಸ್ಥೆಯೇ. 2009ರಲ್ಲಿ ದೆಹಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, 2018ರಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಆ ಕೊನೆಯ ಸುತ್ತಿನ ಅರ್ಜಿದಾರರಲ್ಲಿ ‘ಒಂದೆಡೆ’ ಸಂಸ್ಥೆಯ ಅಕ್ಕೈ ಪದ್ಮಶಾಲಿ ಸೇರಿದಂತೆ ಕರ್ನಾಟಕದ ಮೂವರು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿದ್ದರು ಎನ್ನುವುದು ನಮ್ಮ ರಾಜ್ಯದಲ್ಲೇ ಬಹಳ ಜನರಿಗೆ ತಿಳಿಯದು. ಅವರು ಬದುಕಿನಲ್ಲಿ ತಿಂದ ಪೆಟ್ಟೇ ಅರ್ಜಿಯ ಸಾಲುಗಳಾದವು.

ಇನ್ನೊಂದು ಉದಾಹರಣೆ ಮನೆಯ ಅಂಗಳದ್ದೇ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಮು ಸೇರಿತು. ‘ನಪುಂಸಕರ’ ಹೆಸರು, ವಿಳಾಸಗಳ ಪಟ್ಟಿ ಇಟ್ಟು ಅವರ ‘ಅನಪೇಕ್ಷಿತ ಚಟುವಟಿಕೆ’ ನಿಯಂತ್ರಿಸಲು ಪೊಲೀಸ್ ಕಮಿಷನರಿಗೆ ಅಧಿಕಾರ ಕೊಟ್ಟ ಕಲಮು ಅದು. ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಕರೆದ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ನೆರಳು ಅದರಲ್ಲಿ ಎದ್ದು ಕಾಣುತ್ತಿತ್ತು. ಸ್ವತಂತ್ರ ಭಾರತದ ವಿಧಾನಸಭೆಯೊಂದು ಅದನ್ನು ಮತ್ತೆ ಬರೆದದ್ದು ನೋವಿನ ಸಂಗತಿ. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. ಕೊನೆಗೆ ಸಮುದಾಯವನ್ನು ಬೊಟ್ಟು ಮಾಡುವ ಆ ಪದವನ್ನು ಕಾಯ್ದೆಯಿಂದ ತೆಗೆಯಬೇಕಾಯಿತು. ಸಂಗಮದ ಅರ್ಜಿಯ ಫಲವಾಗಿಯೇ 2021ರ ಜುಲೈಯಲ್ಲಿ ರಾಜ್ಯ ಸರ್ಕಾರ ತನ್ನ ನೇಮಕಾತಿ ನಿಯಮಕ್ಕೆ ತಿದ್ದುಪಡಿ ತಂದು, ಎಲ್ಲ ಪ್ರವರ್ಗಗಳಲ್ಲೂ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಹುದ್ದೆ ಮೀಸಲಿಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಕರ್ನಾಟಕ.

ಇಷ್ಟೆಲ್ಲ ನಡೆಸಲು ದುಡ್ಡು ಎಲ್ಲಿಂದ ಬಂತು? ಇದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಬಹುಪಾಲು ಎಚ್‌ಐವಿ ನಿಯಂತ್ರಣದ ಹಣ. 2003ರ ನಂತರ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಕರ್ನಾಟಕಕ್ಕೂ ಬಂದಾಗ ಜಿಲ್ಲೆ ಜಿಲ್ಲೆಗಳಲ್ಲಿ ಕಚೇರಿಗಳು ತೆರೆದವು, ಸಮುದಾಯದ ನೂರಾರು ಮಂದಿಗೆ ಮೊದಲ ಬಾರಿಗೆ ಸಂಬಳ ಸಿಕ್ಕಿತು. ಆದರೆ ಆ ಹಣ ರೋಗ ಹರಡುವ ಸಾಧ್ಯತೆ ಎಲ್ಲಿದೆಯೋ ಅಲ್ಲಿಗೆ ಹರಿಯಿತು, ನೋವು ಎಲ್ಲಿದೆಯೋ ಅಲ್ಲಿಗಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ, ಟ್ರಾನ್ಸ್ ಪುರುಷರಿಗೆ ಅದರಲ್ಲಿ ಪಾಲಿರಲಿಲ್ಲ. ಲೆಕ್ಕಪುಸ್ತಕದಲ್ಲಿ ಅವರು ‘ಅಪಾಯದ ಗುಂಪು’ ಅಲ್ಲ. ಮನೆಯೊಳಗೆ ಕೂಡಿಹಾಕುವ, ಬಲವಂತವಾಗಿ ಮದುವೆ ಮಾಡುವ ಅಪಾಯ ಯಾವ ಕಾಲಂನಲ್ಲೂ ಬರಲಿಲ್ಲ. ಮುಂದೆ ಯೋಜನೆಗಳು ಮುಗಿದವು, ವಿದೇಶಿ ದೇಣಿಗೆಯ ಕಾನೂನು 2020ರ ತಿದ್ದುಪಡಿಯ ನಂತರ ಬಿಗಿಯಾಯಿತು. ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವ ದಾರಿಯೇ ಮುಚ್ಚಿತು. ಅದರ ಪೆಟ್ಟು ಬೀಳುವುದು ಜಿಲ್ಲಾಕೇಂದ್ರದ ಒಂದು ಕೋಣೆಯ ಕಚೇರಿಗಳ ಮೇಲೆ.

ಈಗ ಎಳೆಯರ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯದಲ್ಲಿ ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲಿ. ಸಮಾನತೆಯ ಕಾನೂನುಗಳು ಬಹುಪಾಲು ವಯಸ್ಕರನ್ನು ಕುರಿತು ಮಾತಾಡುತ್ತವೆ. ನೋವು ಆರಂಭವಾಗುವುದು ಮಾತ್ರ ಏಳನೇ ಕ್ಲಾಸಿನಲ್ಲಿ. ಯುನೆಸ್ಕೋ ಮತ್ತು ಚೆನ್ನೈನ ಸಹೋದರನ್ ಸಂಸ್ಥೆ ತಮಿಳುನಾಡಿನ ಸುಮಾರು 400 ಮಂದಿ ಲೈಂಗಿಕ ಅಲ್ಪಸಂಖ್ಯಾತ ಯುವಜನರನ್ನು ಮಾತಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾಧ್ಯಮಿಕ, ಪ್ರೌಢಶಾಲೆಯ ದಿನಗಳಲ್ಲಿ ದೈಹಿಕ ಕಿರುಕುಳ ಅನುಭವಿಸಿದವರು ಶೇ 60. ಆದರೆ ಶಾಲೆಯವರಿಗೆ ದೂರು ಕೊಟ್ಟವರು ಶೇ 18 ಮಾತ್ರ. ಉಳಿದವರು ಸುಮ್ಮನಿದ್ದರು, ಇಲ್ಲವೇ ಶಾಲೆ ಬಿಟ್ಟರು. ನಡಿಗೆ ಹೀಗಿದೆ, ದನಿ ಹೀಗಿದೆ ಎಂದು ಹುಡುಗನನ್ನು ತರಗತಿಯಲ್ಲಿ ಅಣಕಿಸಿದರೆ, ಮೇಷ್ಟ್ರೂ ನಕ್ಕುಬಿಟ್ಟರೆ, ಆ ಮಗು ಯಾರಿಗೆ ದೂರು ಕೊಡಬೇಕು? ಶಿಕ್ಷಕರಿಗೆ ಇದನ್ನು ತಿಳಿಸಿಕೊಡಲೆಂದು 2021ರಲ್ಲಿ ಎನ್‌ಸಿಇಆರ್‌ಟಿ ಒಂದು ಕೈಪಿಡಿ ತಂದಿತ್ತು. ವಿರೋಧ ಬಂದ ಕೂಡಲೇ ಅದನ್ನು ಹಿಂದಕ್ಕೆ ಪಡೆಯಿತು.

ಹದಿನೇಳು ವರ್ಷದ ಮಗುವೊಂದು ಮನೆಯ ಹೊಡೆತ ತಾಳದೆ ಸಂಸ್ಥೆಯ ಬಾಗಿಲಿಗೆ ಬಂದಿದೆ ಎಂದುಕೊಳ್ಳಿ. ಒಳಗೆ ಕರೆದು ಮಲಗಲು ಜಾಗ ಕೊಟ್ಟರೆ, ಪೋಷಕರು ಅಪಹರಣದ ದೂರು ಕೊಡಬಹುದು. ಕೊಡದಿದ್ದರೆ ಆ ಮಗು ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕು, ಅಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹದಿನೆಂಟು ತುಂಬದವರ ವಿಷಯದಲ್ಲಿ ದಾರಿ ಇರುವುದು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ. ಆ ಸಮಿತಿಯ ಸದಸ್ಯರಿಗೆ, ಬಾಲಮಂದಿರದ ಸಿಬ್ಬಂದಿಗೆ ಈ ಮಕ್ಕಳ ಬಗ್ಗೆ ತಿಳಿವಳಿಕೆ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಮೀಸೆ ಮೂಡದ ಹೆಣ್ಣುನಡಿಗೆಯ ಹುಡುಗನನ್ನು ಗಂಡುಮಕ್ಕಳ ವಾರ್ಡಿಗೆ ತಳ್ಳಿದಂತಾಗುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಬರೆದವರು ಇಲ್ಲಿ ಎರಡೇ ಜಾಗಗಳನ್ನು ಕಂಡರು. ಮಗುವನ್ನು ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಹೆತ್ತವರಿಂದ ಬೇರ್ಪಡಿಸಬಾರದು, ನ್ಯಾಯಾಲಯ ಹೇಳಿದರೆ ಮಾತ್ರ ಬೇರ್ಪಡಿಸಬಹುದು. ಮನೆಯವರಿಗೆ ನೋಡಿಕೊಳ್ಳಲು ಆಗದಿದ್ದರೆ ನ್ಯಾಯಾಲಯದ ಆದೇಶದಂತೆ ಪುನರ್ವಸತಿ ಕೇಂದ್ರ. ಹೆತ್ತ ಮನೆ, ಇಲ್ಲವೇ ಸರ್ಕಾರಿ ಕೇಂದ್ರ. ತಲೆಮಾರುಗಳಿಂದ ಮನೆಬಿಟ್ಟು ಬಂದವರಿಗೆ ಅನ್ನ ಹಾಕಿ ಸಾಕಿದ, ಹಿಜ್ರಾಗಳು ಒಟ್ಟಾಗಿ ಬಾಳುವ ಹಮಾಮುಗಳಿಗೆ, ಅವರ ಗುರು–ಚೇಲಾ (ಗುರು–ಶಿಷ್ಯೆ) ಸಂಬಂಧಕ್ಕೆ ಅಲ್ಲಿ ಜಾಗವಿರಲಿಲ್ಲ.

ಆ ಸಾಕುವ ಸಂಬಂಧದಲ್ಲೂ ದುಡಿಸಿಕೊಳ್ಳುವುದು ಇದೆ, ಕಟ್ಟುನಿಟ್ಟು ಇದೆ. ಅದನ್ನು ಬಣ್ಣಿಸಿ ಚೆಂದ ಮಾಡಬೇಕಿಲ್ಲ. ಆದರೆ ಮಂಜಮ್ಮ ಜೋಗತಿ ಅವರ ಬದುಕನ್ನು ನೆನೆಯಿರಿ. ಮನೆ ಬಿಟ್ಟು, ಭಿಕ್ಷೆ ಬೇಡಿ, ಸಾಯಲು ವಿಷ ಕುಡಿದು ಉಳಿದ ಆ ಜೀವಕ್ಕೆ ಆಸರೆ ಕೊಟ್ಟವರು ಕಾಳವ್ವ ಜೋಗತಿ. ಆ ಆಸರೆಯಿಂದ ಜೋಗತಿ ನೃತ್ಯ ಉಳಿಯಿತು, ರಾಜ್ಯದ ಜಾನಪದ ಅಕಾಡೆಮಿಗೆ ಒಬ್ಬ ಅಧ್ಯಕ್ಷೆ ಸಿಕ್ಕರು, 2021ರಲ್ಲಿ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು. ಪ್ರಶಸ್ತಿಗೆ ಚಪ್ಪಾಳೆ ತಟ್ಟುವ ನಾವು, ಆ ಹದಿಹರೆಯದ ದಿನಗಳಲ್ಲಿ ಅವರಿಗೆ ಒಂದು ಹಾಸ್ಟೆಲು, ಒಬ್ಬ ಸಮಾಲೋಚಕಿ, ಕೈಬಿಡದ ಒಂದು ಶಾಲೆ ಸಿಕ್ಕಿದ್ದರೆ ಎಂದು ಯೋಚಿಸುವುದಿಲ್ಲ.

ಹದಿನೆಂಟು ದಾಟಿದರೂ ಹುಡುಗಿಯರ ಪಾಡು ಬೇರೆಯೇ. ಪ್ರೀತಿಸುವ ಇಬ್ಬರು ಯುವತಿಯರು ಊರು ಬಿಟ್ಟು ಹೋದರೆ ಮನೆಯವರು ಮೊದಲು ಕೊಡುವುದು ನಾಪತ್ತೆ ದೂರು. ಪೊಲೀಸರು ಹುಡುಕಿ ತಂದು ಮನೆಯವರ ಕೈಗೊಪ್ಪಿಸುತ್ತಾರೆ. ಇಬ್ಬರೂ ವಯಸ್ಕರು, ಎಲ್ಲಿ ಬೇಕಾದರೂ ಇರಬಹುದು ಎಂಬ ಸರಳ ಕಾನೂನು ಠಾಣೆಯೊಳಗೆ ಮರೆತೇ ಹೋಗುತ್ತದೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರ ಮುಂದೆ ಇಂಥದೇ ಪ್ರಕರಣ ಬಂತು. ಈ ವಿಷಯದಲ್ಲಿ ತಮಗೇ ಅರಿವು ಸಾಲದು ಎಂದು ಒಪ್ಪಿ ಅವರು ಮನಶ್ಶಾಸ್ತ್ರಜ್ಞರ ಬಳಿ ಕೂತು ಕಲಿತರು, ಆಮೇಲೆ ಆದೇಶ ಬರೆದರು. ಅಂಥ ವಯಸ್ಕ ಜೋಡಿಗಳ ನಾಪತ್ತೆ ದೂರು ಬಂದರೆ ಹೇಳಿಕೆ ಪಡೆದು ಪ್ರಕರಣ ಮುಗಿಸಬೇಕು, ಕಿರುಕುಳ ಕೊಡಬಾರದು, ಅವರನ್ನು ‘ಸರಿಪಡಿಸುವ’ ಚಿಕಿತ್ಸೆ ನಿಲ್ಲಬೇಕು ಎಂದರು. 2024ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ದೇಶದ ಎಲ್ಲ ನ್ಯಾಯಾಲಯಗಳಿಗೂ ಸೂಚನೆ ಕೊಟ್ಟಿತು. ಇಂಥ ಜೋಡಿಗಳ ಅರ್ಜಿಗಳನ್ನು ಬೇಗ ಕೇಳಬೇಕು, ಆ ವ್ಯಕ್ತಿಯೊಂದಿಗೆ ಮನೆಯವರಿಲ್ಲದೆ ಖಾಸಗಿಯಾಗಿ ಮಾತಾಡಬೇಕು, ಸಮಾಲೋಚನೆಯ ಹೆಸರಿನಲ್ಲಿ ಮನಸ್ಸು ತಿರುಗಿಸಲು ಹೋಗಬಾರದು. ಈ ಸೂಚನೆಯ ಪ್ರತಿ ತೆಗೆದು ರಾತ್ರಿ ಹತ್ತಕ್ಕೆ ಠಾಣಾಧಿಕಾರಿಯ ಮೇಜಿನ ಮೇಲಿಡಲು ಯಾರಾದರೂ ಬೇಕಲ್ಲ? ತೀರ್ಪಿನ ನಂತರವೂ ಸಂಘಟನೆಗಳಿಗೆ ಏನು ಕೆಲಸ ಎಂದು ಕೇಳುವವರಿಗೆ ಉತ್ತರ ಇದು.

ಹೆತ್ತವರ ಮನಸ್ಸಿನ ಭಯವನ್ನು ತಳ್ಳಿಹಾಕುವವ ನಾನಲ್ಲ. ಮಗಳು ಹೀಗಂದಳು ಎಂದಾಗ ಕಾಲಡಿಯ ನೆಲ ಕುಸಿದಂತಾಗುವುದು ನಿಜ. ಯಾರ ಸಹವಾಸದಿಂದ ಹೀಗಾಯಿತು, ಯಾವ ಡಾಕ್ಟರಿಗೆ ತೋರಿಸಲಿ, ಯಾವ ದೇವರಿಗೆ ಹರಕೆ ಹೊರಲಿ ಎಂದು ಓಡಾಡುತ್ತಾರೆ. ಅವರಿಗೆ ವೈದ್ಯಲೋಕದ ಉತ್ತರ ಬಹಳ ಹಿಂದೆಯೇ ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘವೂ ಇದು ಕಾಯಿಲೆಯಲ್ಲ ಎಂದು 2018ರಲ್ಲಿ ಹೇಳಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ‘ಬದಲಾಯಿಸುವ ಚಿಕಿತ್ಸೆ’ ಕೊಡುವುದು ವೈದ್ಯರ ವೃತ್ತಿದುರ್ನಡತೆ ಎಂದು ಘೋಷಿಸಿತು. ಹಾಗಿದ್ದೂ ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಹೋಗಿಲ್ಲ. ಆ ಮದುವೆಯಲ್ಲಿ ಇನ್ನೊಂದು ಮನೆಯ ಹೆಣ್ಣುಮಗಳ ಅಥವಾ ಗಂಡುಮಗನ ಬದುಕೂ ಹಾಳಾಗುತ್ತದೆ ಎಂಬುದನ್ನು ಹೆತ್ತವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೆತ್ತವರಿಗೆ ಹೆತ್ತವರೇ ಹೇಳಿದರೆ ನಾಟುವಷ್ಟು ವೈದ್ಯರ ಮಾತು, ಕೋರ್ಟಿನ ಮಾತು ನಾಟುವುದಿಲ್ಲ. 2017ರಲ್ಲಿ ಮುಂಬೈಯಲ್ಲಿ ಆರಂಭವಾದ ‘ಸ್ವೀಕಾರ್’ ಎಂಬ ಪೋಷಕರ ಗುಂಪು ಮಾಡುತ್ತಿರುವುದು ಇದನ್ನೇ. ಮದುವೆ ಪ್ರಕರಣದ ವಿಚಾರಣೆ ನಡೆಯುತ್ತಿದ್ದ 2023ರ ಏಪ್ರಿಲ್‌ನಲ್ಲಿ 400ಕ್ಕೂ ಹೆಚ್ಚು ಅಪ್ಪ ಅಮ್ಮಂದಿರು ಆ ಗುಂಪಿನ ಮೂಲಕ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದು, ನಮ್ಮ ಮಕ್ಕಳ ಬಾಳನ್ನು ಕಾನೂನು ಒಪ್ಪಿದ್ದನ್ನು ನಾವು ಕಣ್ಣಾರೆ ನೋಡಬೇಕು ಎಂದು ಕೇಳಿಕೊಂಡರು. ಕನ್ನಡದಲ್ಲಿ, ಕಲಬುರಗಿಯ, ಹಾವೇರಿಯ, ಚಾಮರಾಜನಗರದ ಅಪ್ಪ ಅಮ್ಮಂದಿರು ಹೀಗೆ ಒಂದೆಡೆ ಕೂತು ಅತ್ತು, ಮಾತಾಡಿ ಹಗುರಾಗುವ ಕೂಟಗಳು ಬೇಕು. ಬೆಂಗಳೂರಿನ ಇಂಗ್ಲಿಷ್ ಬಲ್ಲ ಯುವಕನಿಗೆ ಇಂದು ಗೆಳೆಯರ ಬಳಗ, ನಾಟಕ, ಪುಸ್ತಕ, ಆಪ್ತ ಸಮಾಲೋಚಕರು ಎಲ್ಲರೂ ಮೊಬೈಲಿನ ದೂರದಲ್ಲಿದ್ದಾರೆ. ತಾಲ್ಲೂಕು ಕೇಂದ್ರದ ಪಿಯು ವಿದ್ಯಾರ್ಥಿನಿಗೆ ಅದೇ ಮೊಬೈಲಿನಲ್ಲಿ ಸಿಗುವುದು ಮೋಸದ ಗೆಳೆತನ, ಬೆದರಿಸಿ ದುಡ್ಡು ಕೀಳುವವರು. ಟ್ರಾನ್ಸ್ ಮಹಿಳೆ ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ, ಹೆಗ್ಗೋಡಿನ ಜನಮನದಾಟ ತಂಡದ ನಾಟಕವಾಗಿ ಊರೂರು ಸುತ್ತಿದಾಗ ಎಷ್ಟು ಮನೆಗಳಲ್ಲಿ ಮಾತು ಆರಂಭವಾಯಿತೋ, ಅಷ್ಟು ಮಾತನ್ನು ಸರ್ಕಾರದ ಯಾವ ಸುತ್ತೋಲೆಯೂ ಆರಂಭಿಸಿಲ್ಲ ಎಂದೇ ನನ್ನ ನಂಬಿಕೆ.

ಸರ್ಕಾರದಿಂದ ಕೇಳಬೇಕಾದದ್ದೂ ದೊಡ್ಡದೇನಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮಾಸಾಶನದ ‘ಮೈತ್ರಿ’ ಯೋಜನೆ ಇದೆ, ಮೀಸಲಾತಿ ಇದೆ. ಆದರೆ ಶೇ 1ರ ಮೀಸಲಾತಿಯಲ್ಲಿ ಅರ್ಜಿ ಹಾಕಲು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮುಗಿಸಿರಬೇಕು; ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವರಿಗೆ ಅದು ಕೈಗೆಟುಕುವುದಿಲ್ಲ. ಮೀಸಲಾತಿಯ ಹುದ್ದೆ ತುಂಬಬೇಕಾದರೆ ಕೆಲಸ ಆಗಬೇಕಾದದ್ದು ಪ್ರೌಢಶಾಲೆಯಲ್ಲಿ. ಪ್ರತಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಈ ಬಗ್ಗೆ ತರಬೇತಿ, ಹದಿನೆಂಟರಿಂದ ಇಪ್ಪತ್ತೈದರವರೆಗಿನವರು ಓದುತ್ತಾ ಇರಬಹುದಾದ ತಂಗುದಾಣ, ಅದರಲ್ಲಿ ಸಲಿಂಗಿ ಯುವತಿಯರಿಗೆ, ಟ್ರಾನ್ಸ್ ಪುರುಷರಿಗೆ ಜಾಗ. ಇದನ್ನು ನಡೆಸಲು ಸಮುದಾಯದ ಸಂಸ್ಥೆಗಳಿಗೆ ರಾಜ್ಯದ ಬಜೆಟ್ಟಿನಿಂದಲೇ ಹಣ.

ಅಲ್ಲಿಯವರೆಗೆ, ಶಾಲಾ ಕಾಲೇಜಿನಲ್ಲಿ ಪಾಠ ಹೇಳುವವರು ಇಂದೇ ಮಾಡಬಹುದಾದ ಕೆಲವು ಕೆಲಸಗಳಿವೆ. ತರಗತಿಯಲ್ಲಿ ಯಾರನ್ನಾದರೂ ‘ಚಕ್ಕ’ ಎಂದು ಕರೆದರೆ ಅಲ್ಲಿಯೇ ತಡೆಯುವುದು. ವಿದ್ಯಾರ್ಥಿ ನಂಬಿ ಹೇಳಿಕೊಂಡದ್ದನ್ನು, ಒಳ್ಳೆಯದಕ್ಕೇ ಎಂದುಕೊಂಡು ಕೂಡ, ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೆ ತಿಳಿಸದಿರುವುದು. ಸಾಯುವ ಮಾತು ಬಾಯಲ್ಲಿ ಬಂದರೆ ಮಾತ್ರ ಕಾಯದೆ, ಮಗುವನ್ನು ಒಂಟಿಯಾಗಿ ಬಿಡದೆ, ಕನ್ನಡದಲ್ಲೂ ಮಾತಾಡುವ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುವುದು, ಹದಿನೆಂಟು ತುಂಬದ ಮಗುವಿಗೆ ಮನೆಯಲ್ಲಿ ಹೊಡೆತವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು. ಈ ಎರಡು ಸಂಖ್ಯೆಗಳನ್ನು ಶಾಲೆಯ ಸೂಚನಾ ಫಲಕದಲ್ಲಿ ಬರೆದು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.